ವ್ಯತ್ಯಯ, ಸಹಕಾರ ಮತ್ತು ಮೂತ್ರಕೋಶ

‘ನಿರ್ವಹಣಾ ಕಾಮಗಾರಿಯ ನಿಮಿತ್ತ ನೀರು ಪೂರೈಕೆಯಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.’ ಬೆಂಗಳೂರಿನವರಿಗೆ ಈ ವಾಕ್ಯ ಬಾಯಿಪಾಠ. ನೀರು ಬರುವುದಿಲ್ಲ ಎಂದು ಇದರಲ್ಲಿ ಎಲ್ಲೂ ಇಲ್ಲ. ಬರೀ ವ್ಯತ್ಯಯ. ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದಂತೆ.

ಸಹಕರಿಸುವುದಕ್ಕೆ ಯಾರದೇನೂ ತಕರಾರಿಲ್ಲ. ಆದರೆ ಲಕ್ವ ಹೊಡೆದು ಮಲಗಿರುವ ಅಜ್ಜಿಯೊಬ್ಬರು ಮನೆಯಲ್ಲಿದ್ದರೆ, ಕೋರಿಕೆಯ ಪ್ರತಿಯನ್ನು ಅವರ ಮೂತ್ರಕೋಶಕ್ಕೂ ದೊಡ್ಡ ಕರುಳಿಗೂ ತಲುಪಿಸಬೇಕಾಗುತ್ತದೆ. ಅವೆರಡೂ ಪ್ರಕಟಣೆ ಓದುವುದಿಲ್ಲ. ಬೆಳಗ್ಗೆ ನಾಲ್ಕಕ್ಕೇ ಅಸಹಕಾರ ಚಳವಳಿ ಶುರು ಮಾಡುತ್ತವೆ.

ನೋಡಿಕೊಳ್ಳುವವರಿಗೆ ಮೊದಲು ಹೊಳೆಯುವ ಉಪಾಯವೇ ಎಲ್ಲಕ್ಕಿಂತ ಕೆಟ್ಟದ್ದು: ಕುಡಿಯುವ ನೀರು ಕಡಿಮೆ ಕೊಟ್ಟರೆ ಒದ್ದೆಯಾಗುವುದೂ ಕಡಿಮೆಯಾದೀತು ಎಂಬುದು. ಮೂತ್ರ ಗಟ್ಟಿಯಾಗುತ್ತದೆ, ಮೂತ್ರ ಇಳಿಸಲು ಹಾಕಿದ ಕ್ಯಾಥೆಟರಿನೊಳಗೆ ಗಸಿ ಕಟ್ಟಿ ಕೊಳವೆ ಮುಚ್ಚಿಕೊಳ್ಳುತ್ತದೆ, ಸೋಂಕು ಹತ್ತುತ್ತದೆ, ಮಲಬದ್ಧತೆ ಜತೆಗೂಡುತ್ತದೆ. ಮೂಗಿನ ಕೊಳವೆಯಿಂದ ಊಟ ಕೊಡುವ ಮನೆಯಲ್ಲಿ ಪ್ರತಿ ಸಲ ಮುಂಚೆ ಮೂವತ್ತು ಎಂ.ಎಲ್., ಆಮೇಲೆ ಮೂವತ್ತು ಎಂ.ಎಲ್. ನೀರು ಹಾಯಿಸಲೇಬೇಕು. ಅಲ್ಲಿ ಉಳಿತಾಯ ಮಾಡಿದರೆ ರಾಗಿ ಗಂಜಿ ಕೊಳವೆಯಲ್ಲೇ ಹೆಪ್ಪುಗಟ್ಟಿ, ಒಂದು ಲೋಟ ನೀರು ಉಳಿಸಿದ ಪುಣ್ಯಕ್ಕೆ ಆಸ್ಪತ್ರೆಗೆ ಆಟೋ ಹಿಡಿಯಬೇಕಾಗುತ್ತದೆ.

ಹಿಡಿದು ಬಳಸಿದರೂ ಇಂಥ ಒಬ್ಬರಿಗೆ ದಿನಕ್ಕೆ ಐವತ್ತು ಲೀಟರು ಬೇಕು. ಮೈ ಒರೆಸಲು ಎರಡು ಬೇಸಿನ್ನಿನಲ್ಲಿ ನಾಲ್ಕು ಲೀಟರು (ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿ ನೀರು, ಮುಖ ಮೊದಲು, ಗುಹ್ಯಭಾಗ ಕೊನೆಗೆ), ಹಾಳಾದ ಒಂದು ಬೆಡ್‌ಶೀಟ್ ಒಗೆಯಲು ಇಪ್ಪತ್ತು, ಕಮೋಡಿಗೆ ಹನ್ನೆರಡು, ಉಳಿದದ್ದು ಡೈಪರ್ ಬದಲಿಸುವಾಗ ಮೈ ತೊಳೆಯಲು, ಕೈ ತೊಳೆಯಲು, ಕುಡಿಯಲು, ಬೇಯಿಸಲು. ಮೊದಲು ಹಳೇ ಪಂಚೆಯ ಹತ್ತಿ ಬಟ್ಟೆಯಿಂದ ಒಣದಾಗಿಯೇ ಮಲ ಒರೆಸಿ, ಆಮೇಲೆ ನೀರು ಮುಟ್ಟಿಸಿದರೆ ಅರ್ಧಕ್ಕರ್ಧ ನೀರು ಉಳಿಯುತ್ತದೆ. ಮೈ ಒರೆಸಿದ ನೀರು ಕಮೋಡಿಗೆ. ಅದನ್ನು ಫ್ಲಶ್ ಟ್ಯಾಂಕಿಗೆ ತುಂಬಲು ಹೋಗಬೇಡಿ, ಅರ್ಧ ಬಕೆಟ್ಟನ್ನು ಎತ್ತರದಿಂದ ಒಂದೇ ಏಟಿಗೆ ಸುರಿದರೆ ಸಾಕು. ಸಣ್ಣ ಧಾರೆಯಲ್ಲಿ ಸುರಿದರೆ ಮೂರು ಬಕೆಟ್ಟೂ ಸಾಲದು. ಸ್ಯಾನಿಟೈಸರ್ ಇದೆಯಲ್ಲ ಎನ್ನುವವರಿಗೆ: ಮಲ ಅಂಟಿದ ಕೈಗೆ ಅದು ಬರೀ ವಾಸನೆ ಕೊಡುತ್ತದೆ, ಸೋಪು ನೀರೇ ಬೇಕು. ಸಣ್ಣ ನಲ್ಲಿಯಿರುವ ಐದು ಲೀಟರ್ ಕ್ಯಾನೊಂದನ್ನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟುಕೊಂಡರೆ ಮಗ್ಗಿನಲ್ಲಿ ಸುರಿಯುವುದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಕೈ ಶುದ್ಧವಾಗುತ್ತದೆ.

ಐವತ್ತು ಲೀಟರೆಂದರೆ ಐವತ್ತು ಕೆ.ಜಿ. ಹೆಚ್ಚುಕಡಿಮೆ ಅಜ್ಜಿಯಷ್ಟೇ ಭಾರ. ಮೂರನೇ ಮಹಡಿಗೆ ಅಷ್ಟನ್ನು ಹೊತ್ತವರೇ ಎರಡು ತಾಸಿಗೊಮ್ಮೆ ಅಜ್ಜಿಯನ್ನೂ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣು. ಇದಕ್ಕೆ ಸಹಕಾರ ಎನ್ನುತ್ತಾರೆ.

ಕಾನೂನು ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಮು ಸೊಗಸಾಗಿದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ದಾಖಲೆ ಇಟ್ಟುಕೊಳ್ಳಬೇಕು, ಅಪಾಯದ ಪರಿಸ್ಥಿತಿ ಬಂದರೆ ಅವರಿಗೆ ತಿಳಿಸಬೇಕು. ಈಗ ಗೊತ್ತಾಯಿತೇ ಆ ‘ವ್ಯತ್ಯಯ’ ಪದದ ಮಹಿಮೆ? ವಿಪತ್ತಿಗೆ ಪ್ರಾಧಿಕಾರವಿದೆ, ವ್ಯತ್ಯಯಕ್ಕೆ ಇಲ್ಲ. ಪ್ರವಾಹ ಬಂದು ಮನೆಗೆ ನೀರು ನುಗ್ಗಿದರೆ ಅಜ್ಜಿ ಕಾಯ್ದೆಯೊಳಗೆ. ನೀರು ನುಗ್ಗದೇ ಹೋದರೆ ಹೊರಗೆ.

2024ರ ಮಾರ್ಚಿನಲ್ಲಿ ನಗರ ಬಾಯಾರಿದಾಗ ಕ್ರಮಗಳಿಗೇನೂ ಬರವಿರಲಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಸರಿಯಾದದ್ದೇ. ನಲ್ಲಿಗಳಿಗೆ ಏರೇಟರ್ ಹಾಕಿಸಿ ಎಂಬ ಆದೇಶವೂ ಬಂತು. ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ದಪ್ಪಗೆ ಕಾಣಿಸುವ ಒಳ್ಳೆಯ ಸಾಧನವದು. ನೀರೇ ಇಲ್ಲದ ನಲ್ಲಿಯಲ್ಲಿ ಅರ್ಧ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಟ್ಯಾಂಕರಿಗೂ ದರ ಕಟ್ಟಿದರು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ. ದರ ಕಾಗದದ ಮೇಲೆ ಬಂತು, ಟ್ಯಾಂಕರು ರಸ್ತೆಯ ಮೇಲೆ ಬರಬೇಕಲ್ಲ! ‘ದಾರೀಲಿದೀನಿ ಅಮ್ಮ’ ಎಂದ ಡ್ರೈವರು ರಾತ್ರಿ ಒಂದಕ್ಕೆ ಗೇಟು ಬಡಿಯುತ್ತಾನೆ. ಸಂಪಿನ ಮುಚ್ಚಳ ತೆಗೆಯಲು ಒಬ್ಬರು ಕೆಳಗಿರಬೇಕು, ಅಜ್ಜಿಯ ಪಕ್ಕ ಒಬ್ಬರಿರಬೇಕು. ಮನೆಯಲ್ಲಿರುವುದು ಒಬ್ಬರೇ. ಸಂಪು ನಾಲ್ಕು ಸಾವಿರ ಲೀಟರಿನದು, ಕಾಸು ಆರು ಸಾವಿರಕ್ಕೆ. ಎಲ್ಲಿಯ ಬೋರ್‌ವೆಲ್ಲಿನದೋ ಆ ನೀರು, ಅಜ್ಜಿಯ ಬಾಯಿಗೂ ಬೇಡ, ಹುಣ್ಣಿಗೂ ಬೇಡ. ಹುಣ್ಣು ತೊಳೆಯಲು ಕುದಿಸಿ ಆರಿಸಿದ ನೀರನ್ನು ಮುಚ್ಚಿದ ಪಾತ್ರೆಯಲ್ಲಿ ಮೊದಲೇ ಎತ್ತಿಟ್ಟಿರಬೇಕು.

ಇಷ್ಟೆಲ್ಲ ಆಗಿ ಬೆಳಗಿನ ಜಾವ ನಲ್ಲಿ ಕೆಮ್ಮಲಾರಂಭಿಸುತ್ತದೆ. ಸಡಗರ ಬೇಡ. ನೀರು ಸರಾಗವಾಗಿ ಬರುವವರೆಗೂ ಗೀಸರಿನ ಸ್ವಿಚ್ಚು ಆಫ್ ಆಗಿಯೇ ಇರಲಿ. ಖಾಲಿ ಗೀಸರು ಹೊತ್ತಿಸಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಸಂಪಿನಲ್ಲಿ ನೀರು ತುಂಬುವ ಮುಂಚೆ ಮೋಟರ್ ಹಾಕಿದರೂ ಅದೇ ಗತಿ. ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ಮೊದಲು ತೆಗೆದು ಗಾಳಿ ಹೊರಬಿಡಿ, ಕೆಂಪು ನೀರಿನ ಮೊದಲೆರಡು ಬಕೆಟ್ಟನ್ನು ಕಮೋಡಿಗೆ ಇಟ್ಟುಕೊಳ್ಳಿ. ಆಜ್ಞಾನುಸಾರ ಹಾಕಿಸಿದ ಏರೇಟರಿನ ಜಾಲರಿಯಲ್ಲಿ ಮರಳು ಸಿಕ್ಕಿಕೊಂಡು ಧಾರೆ ನೂಲಿನಂತಾಗಿರುತ್ತದೆ. ತಿರುಗಿಸಿ ಬಿಚ್ಚಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ.

ಹಾಗೆಯೇ ಗೇಟಿನ ಬಳಿಯ ಮೀಟರನ್ನೊಮ್ಮೆ ನೋಡಿ ಬನ್ನಿ. ನೀರು ಬರುವುದಕ್ಕೆ ಮುಂಚೆ ಕೊಳವೆಯಲ್ಲಿದ್ದ ಗಾಳಿ ನುಗ್ಗುವಾಗಲೂ ಅದರ ಚಕ್ರ ಗಿರಗಿರನೆ ತಿರುಗುತ್ತಿರುತ್ತದೆ. ಬಿಲ್ಲಿನಲ್ಲಿ ವ್ಯತ್ಯಯವಿಲ್ಲ.