ಸ್ಪಷ್ಟನೆ: ಟರ್ಬೊ ಪೈಪ್ ಕಿತ್ತು ಬೋಲ್ಟ್ ತುರುಕಬೇಡಿ

"ಹಳೇ ಡೀಸೆಲ್ ಜೀಪು ನಂದಿಬೆಟ್ಟ ಹತ್ತುವಾಗ ಪಿಕಪ್ ಇಲ್ಲದೆ ಕಪ್ಪು ಹೊಗೆ ಬಿಟ್ಟರೆ, ಟರ್ಬೊ ಆಕ್ಚುಯೇಟರ್‌ನ ಸಣ್ಣ ಪೈಪ್ ಕಿತ್ತು ಬೋಲ್ಟ್ ತುರುಕಿ" ಎಂಬ ಸಂದೇಶ ಚಿಕ್ಕಬಳ್ಳಾಪುರದ ಜೀಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು.

ಟರ್ಬೊ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುತ್ತದೆ; ಆ ಒತ್ತಡವೇ ಬೂಸ್ಟ್. ಅದನ್ನು ಹದದಲ್ಲಿಡುವ ಭಾಗವನ್ನು ಆಡಿಸುವುದು ಆಕ್ಚುಯೇಟರ್. ಬೂಸ್ಟ್ ಒತ್ತಡದಿಂದ ನಡೆಯುವ ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮುಟ್ಟಿದಾಗ ತೆರೆಯುವ ಬಾಗಿಲು) ತೆರೆಯುವುದೇ ಆ ಪೈಪಿನ ಗಾಳಿಯಿಂದ. ಕಿತ್ತರೆ ಗೇಟ್ ಮುಚ್ಚಿಯೇ ಇದ್ದು ಬೂಸ್ಟ್ ಮಿತಿಮೀರುತ್ತದೆ. ಹೆಡ್ ಗ್ಯಾಸ್ಕೆಟ್, ಪಿಸ್ಟನ್‌ಗೆ ಕುತ್ತು. ವ್ಯಾಕ್ಯೂಮ್‌ನಿಂದ (ಗಾಳಿ ಹೀರುವ ಸೆಳೆತದಿಂದ) ನಡೆಯುವ ವಿಜಿಟಿಯಲ್ಲಿ, ಅಂದರೆ ಒಳಗಿನ ರೆಕ್ಕೆಗಳ ಕೋನ ಬದಲಾಗುವ ಟರ್ಬೊದಲ್ಲಿ, ಸಾಮಾನ್ಯವಾಗಿ ಉಲ್ಟಾ, ಇರುವ ಪಿಕಪ್ಪೂ ಹೋಗುತ್ತದೆ.

ಕಪ್ಪು ಹೊಗೆ ಎಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಮೊದಲು ಏರ್ ಫಿಲ್ಟರ್ ನೋಡಿ (ಕ್ವಾರಿ ದೂಳಿನ ರಸ್ತೆಯವರಿಗೆ ಅರ್ಧ ಉತ್ತರ ಅಲ್ಲೇ). ಆಮೇಲೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಭಾಗ) ಹೋಸ್ ಬಿಚ್ಚಿ, ಬಗ್ಗಿಸಿ ಸೀಳು ಹುಡುಕಿ. ಕ್ಲ್ಯಾಂಪ್ ಪಕ್ಕ ಹೊಸ ಎಣ್ಣೆ ಜಿಡ್ಡಿದ್ದರೆ ಅನುಮಾನ ಅದರ ಮೇಲೆಯೇ. ಐಡಲಿಂಗ್‌ನಲ್ಲಿ ಬೂಸ್ಟ್ ಇಲ್ಲದ ಕಾರಣ ನಿಂತ ಗಾಡಿಯಲ್ಲಿ ಸೀಳು ಸದ್ದೇ ಮಾಡುವುದಿಲ್ಲ. ವಿಜಿಟಿಯಾದರೆ ಗಟ್ಟಿಯಾಗಿ ಬಿರಿದ ವ್ಯಾಕ್ಯೂಮ್ ಪೈಪನ್ನೂ ಬದಲಿಸಿ.

ಎಂಜಿನ್ ತಣ್ಣಗಿದ್ದಾಗ ಟರ್ಬೊ ಶಾಫ್ಟ್ (ರೆಕ್ಕೆ ಕೂತಿರುವ ದಂಡ) ಅಲ್ಲಾಡಿಸಿ. ಅಡ್ಡಕ್ಕೆ ಚೂರು ಆಟ ಸಹಜ. ದಂಡದ ಉದ್ದಕ್ಕೆ ಹಿಂದೆ-ಮುಂದೆ ಆಡಿದರೆ, ಅಥವಾ ರೆಕ್ಕೆ ಹೌಸಿಂಗ್‌ಗೆ ತಗುಲಿದರೆ ಟರ್ಬೊ ಬಿಚ್ಚಿಸಿ.

ಆ ಸಂದೇಶ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.