ಅಮ್ಮನ ಬೆರಳು ಯಂತ್ರಕ್ಕೆ ಸಿಗಲಿಲ್ಲ

ಹೋದ ವಾರ ಶಿಡ್ಲಘಟ್ಟದಲ್ಲಿ ಅಮ್ಮನ ಜೊತೆ ರೇಷನ್ ತರೋಕೆ ಹೋಗಿದ್ದೆ. ಬೆರಳಿಡಿ ಅಂದರು, ಇಟ್ಟಳು. ಬರಲಿಲ್ಲ. ಒರೆಸಿ ಇಡಿ ಅಂದರು. ಬರಲಿಲ್ಲ. ಹೆಬ್ಬೆಟ್ಟು, ತೋರುಬೆರಳು, ಎಡಗೈ, ಬಲಗೈ, ತಲೆಗೂದಲಿಗೆ ಉಜ್ಜಿ ಎಣ್ಣೆ ಪಸೆ ಮಾಡಿಕೊಂಡು ಇನ್ನೊಂದು ಸಲ, ಹೀಗೆ ಹತ್ತು ಬೆರಳೂ ಮುಗಿದವು. ಹಿಂದೆ ನಿಂತವರು ಗೊಣಗೋಕೆ ಶುರು ಮಾಡಿದರು. ಕೊನೆಗೆ ನನ್ನ ಫೋನಿಗೆ ಓಟಿಪಿ ಬಂತು, ಅಕ್ಕಿ ಸಿಕ್ಕಿತು. ಅಮ್ಮ ಚೀಲ ಎತ್ತಿಕೊಂಡು ಈಚೆ ಬಂದವಳು, "ನನ್ ಬೆರಳಲ್ಲಿ ಏನೂ ಉಳಿದಿಲ್ವಂತೆ ಕಣೋ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಅಮ್ಮ 22 ವರ್ಷ ರೇಷ್ಮೆ ನೂಲು ತೆಗೆದವಳು. ಮೊದಲು ಕೈಯಲ್ಲಿ ತಿರುಗಿಸೋ ಚರಕದಲ್ಲಿ, ಆಮೇಲೆ ಬಿಸಿನೀರಿನ ತೊಟ್ಟಿ ಇರೋ ಕಾಟೇಜ್ ಬೇಸಿನ್‌ನಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ ಕೈ ಬಿಸಿನೀರಿನಲ್ಲೇ. ಚರಕದ ಕಾಲದಲ್ಲಂತೂ ಕುದಿಯೋ ನೀರು, ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು, ತಡೆಯೋಕಾಗದಾಗ ಅದರಲ್ಲಿ ಒಂದು ಸಲ ಅದ್ದೋದು. ಸಂಜೆ ಮನೆಗೆ ಬಂದಾಗ ಬೆರಳು ಬೆಳ್ಳಗೆ ನೆನೆದ ಅವಲಕ್ಕಿ ಥರ ಇರೋವು. ಬೆರಳಚ್ಚು ಎಲ್ಲಿ ಹೋಯಿತು ಅಂತ ಯಂತ್ರ ಕೇಳಿದರೆ ನಾನು ಉತ್ತರ ಹೇಳಬಲ್ಲೆ. ಯಾರದೋ ಮದುವೆ ಸೀರೆಯಲ್ಲಿ ಹೋಗಿದೆ.

ನೂಲು ತೆಗೆಯೋದನ್ನು ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಹುಳು ಬಿಟ್ಟ ಎಳೆಗೆ ಒಂದು ಅಂಟು ಇರುತ್ತದೆ, ಸೆರಿಸಿನ್ ಅಂತಾರೆ, ಬಿಸಿನೀರಿಗೆ ಅದು ಮೆತ್ತಗಾಗುತ್ತದೆ. ಗೂಡಿನ ಮೇಲಿನ ಸಿಕ್ಕುಸಿಕ್ಕಾದ ಪದರ ಎಳೆದು ಹಾಕಬೇಕು, ಅದು ಜೂಟು, ಅದರ ವ್ಯಾಪಾರವೇ ಬೇರೆ. ಅದರ ಕೆಳಗೆ ಒಂದೇ ಒಂದು ಸರಿಯಾದ ತುದಿ ಇರುತ್ತದೆ. ಅದು ಸಿಕ್ಕಿತೋ, ಇಡೀ ಗೂಡು ಒಂದೇ ಎಳೆಯಾಗಿ ನೀರಿನಲ್ಲಿ ಕುಣಿಯುತ್ತಾ ಬಿಚ್ಚಿಕೊಳ್ಳುತ್ತದೆ. ಬೈವೋಲ್ಟಿನ್ ಅನ್ನೋ ಒಳ್ಳೆ ತಳಿಯ ಗೂಡಾದರೆ ಹತ್ತಿರ ಹತ್ತಿರ 1 ಕಿಲೋಮೀಟರ್. ಒಂದು ಎಳೆಯಿಂದ ಏನೂ ಆಗಲ್ಲ. 8-10 ಗೂಡಿನ ಎಳೆ ಕೂಡಿದರೆ ಒಂದು ದಾರ.

ಕಷ್ಟ ಇರೋದು ಇಲ್ಲಿಂದ ಮುಂದೆ. ಗೂಡಿನ ಎಳೆ ಕೊನೆವರೆಗೂ ಒಂದೇ ದಪ್ಪ ಇರಲ್ಲ, ಒಳಗೊಳಗೆ ಹೋದ ಹಾಗೆ ಸಣ್ಣಗಾಗುತ್ತದೆ. ಹುಳಕ್ಕೂ ಪಾಪ ಸುಸ್ತಾಗಿರುತ್ತದೇನೋ. ಒಂದು ಗೂಡು ಮುಗಿಯುತ್ತಾ ಬಂತು ಅಂದರೆ, ದಾರ ತೆಳ್ಳಗಾಗೋ ಮುಂಚೆ ಇನ್ನೊಂದು ಗೂಡಿನ ತುದಿ ಕೊಡಬೇಕು. ಬೇಗ ಕೊಟ್ಟರೆ ದಾರ ದಪ್ಪ, ತಡವಾದರೆ ಕಿತ್ತುಹೋಗುತ್ತದೆ. ಒಂದೊಂದು ದಾರದ ಕೆಳಗೂ ಇದೇ ಲೆಕ್ಕ, ಒಂದೇ ಹೊತ್ತಿಗೆ ಅಷ್ಟೂ ದಾರ ಓಡುತ್ತಿರುತ್ತವೆ, ಮೇಲೆ ಹಬೆ, ಸುತ್ತ ಬೆಂದ ಹುಳದ ವಾಸನೆ, ಅಮ್ಮ ಮಾತ್ರ ಪಕ್ಕದ ಬೇಸಿನ್ನಿನವಳ ಜೊತೆ ನಿನ್ನೆ ರಾತ್ರಿಯ ಸೀರಿಯಲ್ ಕಥೆ ಹೇಳುತ್ತಾ ಎಳೆ ಕೊಡುತ್ತಲೇ ಇರೋಳು. ಸ್ಕೂಲ್ ರಜೆಯಲ್ಲಿ ಅಲ್ಲೇ ಕೂತು ನೋಡುತ್ತಿದ್ದ ನಾನು ಒಂದು ದಿನ ಕೇಳಿದ್ದೆ, ಯಾವಾಗ ಕೊಡಬೇಕು ಅಂತ ನಿನಗೆ ಹೇಗೆ ಗೊತ್ತಾಗುತ್ತೆ? "ನಂಗೆಲ್ಲಿ ಗೊತ್ತಾಗುತ್ತೆ, ಕೈಗೆ ಗೊತ್ತಾಗುತ್ತೆ" ಅಂದಿದ್ದಳು.

ಅದೇ ವರ್ಷ ಸ್ಕೂಲಿನ ಫಾರಂನಲ್ಲಿ ತಾಯಿಯ ಉದ್ಯೋಗ ಅಂತ ಇದ್ದ ಕಡೆ ನಾನೇ ನನ್ನ ದುಂಡು ಅಕ್ಷರದಲ್ಲಿ 'ಕೂಲಿ' ಅಂತ ಬರೆದೆ. ಸುಳ್ಳೇನಲ್ಲ. ವಾರಕ್ಕೊಮ್ಮೆ ಕೂಲಿಯೇ ಕೊಡುತ್ತಿದ್ದರು. ಆದರೆ ಕೂಲಿ ಅನ್ನೋದು ದುಡ್ಡು ಹೇಗೆ ಬರುತ್ತದೆ ಅಂತ ಹೇಳುತ್ತದೆಯೇ ಹೊರತು ಕೈಗೆ ಏನು ಗೊತ್ತು ಅಂತ ಹೇಳಲ್ಲ, ಅಲ್ವಾ? ಮಾಲೀಕರಿಗೆ ಮಾತ್ರ ಇದು ಚೆನ್ನಾಗಿ ಗೊತ್ತಿತ್ತು. 1 ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಹೋಯಿತು ಅನ್ನೋದಕ್ಕೆ ರೆಂಡಿಟ್ಟ ಅಂತಾರೆ. ಏಳು ಇದ್ದದ್ದು ಎಂಟಾಯಿತು ಅಂದರೆ ಮಾಲೀಕನ ನಿದ್ದೆ ಕೆಟ್ಟಿತು ಅಂತಲೇ. ಗೂಡು ಚೆನ್ನಾಗಿಲ್ಲದಿದ್ದರೂ ಏರುತ್ತದೆ, ತೆಗೆಯೋ ಕೈ ಚೆನ್ನಾಗಿಲ್ಲದಿದ್ದರೂ ಏರುತ್ತದೆ. ಹಾಗಾಗಿ ಯಾರ ಕೈ ಒಳ್ಳೆಯದು ಅಂತ ಪ್ರತಿ ಘಟಕದಲ್ಲೂ ಗೊತ್ತಿರುತ್ತಿತ್ತು, ಒಳ್ಳೆ ಕೈಯವರಿಗೆ ಹಬ್ಬಕ್ಕೆ ಮುಂಗಡ ಜಾಸ್ತಿ ಸಿಗುತ್ತಿತ್ತು. ಹೆಸರು ಮಾತ್ರ ಕೂಲಿ ಹೆಂಗಸು.

ಮಾಲೂರಿನ ಕಡೆ ಶಿವಾರಪಟ್ಟಣಕ್ಕೆ ಹೋದರೆ ಕಲ್ಲು ಕೆತ್ತುವವರನ್ನು ಶಿಲ್ಪಿಗಳು ಅಂತ ಕರೆಯುತ್ತೇವೆ, ಕರೆಯಲೇಬೇಕು. ಸೀರೆ ನೇಯ್ದವರಿಗೆ ನೇಕಾರರು ಅನ್ನೋ ಹೆಸರಿದೆ. ಮೈಸೂರು ಸಿಲ್ಕ್‌ಗೆ ಜಿಐ ಇದೆ, ಅಂದರೆ ಇದು ಇಂಥ ಕಡೆಯದೇ ಅನ್ನೋ ಸರ್ಕಾರಿ ಗುರುತು. 2023ರಲ್ಲಿ ಕುಶಲಕರ್ಮಿಗಳಿಗೆ ಅಂತ ಕೇಂದ್ರದ ವಿಶ್ವಕರ್ಮ ಯೋಜನೆ ಬಂತಲ್ಲ, ಅದರಲ್ಲಿ 18 ಕಸುಬುಗಳ ಪಟ್ಟಿ ಇದೆ. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕರು, ಹೂ ಕಟ್ಟುವವರು, ಮೀನಿನ ಬಲೆ ಹೆಣೆಯುವವರು. ಸಂತೋಷ. ನೂಲು ಬಿಚ್ಚುವವರು ಅದರಲ್ಲಿಲ್ಲ. ಮೈಸೂರು ಸೀಮೆಗೆ ರೇಷ್ಮೆ ತಂದಿದ್ದು ಟಿಪ್ಪು ಅಂತ ಗೊತ್ತು, 1912ರಲ್ಲಿ ನಾಲ್ವಡಿ ಅವರ ಕಾಲದಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಶುರುವಾಯಿತು ಅಂತಲೂ ಗೊತ್ತು, ಇಷ್ಟು ಕಾಲ ಬಿಸಿನೀರಿನಲ್ಲಿ ತುದಿ ಹುಡುಕಿದವರು ಯಾರು ಅಂತ ಕೇಳಿದರೆ ಒಂದು ಹೆಸರೂ ಸಿಗಲ್ಲ. ಕೈಯಲ್ಲಿ ಎತ್ತಿ ತೋರಿಸುವಂಥ ವಸ್ತು ಕೊನೆಯಲ್ಲಿ ಉಳಿದರೆ ಮಾತ್ರ ನಮಗೆ ಅದು ಕಲೆ. ಮಧ್ಯದ ಕೆಲಸ ಮಾಡಿದವರ ಕೈ ವಸ್ತುವಿನ ಒಳಗೇ ಮುಚ್ಚಿಹೋಗುತ್ತದೆ.

(ದಯವಿಟ್ಟು ಯಾರೂ ಕೆಳಗೆ ಕಾಯಕವೇ ಕೈಲಾಸ ಅಂತ ಹಾಕಬೇಡಿ. ಆ ನೀರಿನಲ್ಲಿ ಒಂದು ಗಂಟೆ ಕೈ ಇಟ್ಟು ಆಮೇಲೆ ಹಾಕಿ.)

ಈಗ ಆಟೋಮ್ಯಾಟಿಕ್ ಯಂತ್ರಗಳು ಬಂದಿವೆ. ನೂಲಿನ ದಪ್ಪ ಅಳೆಯೋಕೆ ಒಂದು ಚಿಕ್ಕ ಸಾಧನ ಇದೆ, ದಾರ ಸಣ್ಣಗಾದ ತಕ್ಷಣ ಅದು ಹೇಳುತ್ತದೆ, ಹೊಸ ಗೂಡಿನ ಎಳೆ ತಾನಾಗೇ ಬಂದು ಸೇರುತ್ತದೆ. ಅಮ್ಮನನ್ನು ಒಂದು ಕಡೆ ಕರೆದುಕೊಂಡು ಹೋಗಿ ತೋರಿಸಿದೆ. ನಾನು ಏನೇನೋ ಅಂದುಕೊಂಡಿದ್ದೆ, ಬೇಜಾರಾಗುತ್ತಾಳೆ, ಹಳೆಯದು ನೆನಪಿಸಿಕೊಂಡು ಕಣ್ಣೀರು ಹಾಕುತ್ತಾಳೆ ಅಂತ. ಅವಳು ಐದು ನಿಮಿಷ ನೋಡಿ "ಒಳ್ಳೇದಾಯ್ತು ಬಿಡು, ಕೈ ಉಳೀತವೆ" ಅಂದಳು. ಸರಿಯಾಗೇ ಹೇಳಿದಳು. ನಾನು ನೋಡಿ ಮೆಚ್ಚಿಕೊಳ್ಳಲಿ ಅಂತ ಯಾರೂ ಕೈ ಬೇಯಿಸಿಕೊಳ್ಳಬೇಕಾಗಿಲ್ಲ. ಆದರೂ ನನಗೆ ಒಂದು ಉರಿ ಹಾಗೇ ಇದೆ. ಅದೇ ತಿಳಿವಳಿಕೆ ಕಬ್ಬಿಣದಲ್ಲಿದ್ದರೆ ತಂತ್ರಜ್ಞಾನ, ಅದಕ್ಕೆ ಸಬ್ಸಿಡಿ. ಅಮ್ಮನ ಕೈಯಲ್ಲಿದ್ದಾಗ ಕೂಲಿ.

ಅಮ್ಮ ಕೆಲಸ ಬಿಟ್ಟು ಆರು ವರ್ಷ ಆಯಿತು. ಈಗಲೂ ಟಿವಿ ಮುಂದೆ ಕೂತಾಗ ಹೆಬ್ಬೆರಳು, ತೋರುಬೆರಳು ಸೆರಗಿನ ಅಂಚಿನಲ್ಲಿ ಏನನ್ನೋ ಹುಡುಕುತ್ತಾ ಇರುತ್ತವೆ. ಅವಳಿಗೆ ಅದು ಗೊತ್ತೇ ಇಲ್ಲ. ನಾನು ಮೂರು ಕಂಪನಿ ಬದಲಾಯಿಸಿದವನು, ದಿನಾ ಎಕ್ಸೆಲ್ ತುಂಬಿಸುತ್ತೇನೆ. ಕೆಲಸ ಬಿಟ್ಟ ಮಾರನೇ ದಿನ ನನ್ನ ಬೆರಳು ಏನು ಹುಡುಕುತ್ತದೆ? ಮೊಬೈಲ್ ಇರಬೇಕು.

ತಂಗಿ ಮದುವೆಗೆ ಸೀರೆ ತರೋಕೆ ಬೆಂಗಳೂರಿಗೆ ಹೋಗಿದ್ದೆವು. ಅಂಗಡಿ ಹುಡುಗಿ ಒಂದು ಸೀರೆ ಬಿಚ್ಚಿ ಹಾಸಿದಳು. ಅಮ್ಮ ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ಉಜ್ಜಿದಳು, ಸೆರಗಿನ ಕುಚ್ಚಿನಿಂದ ಒಂದು ಎಳೆ ಬಿಡಿಸಿ ಬೆಳಕಿಗೆ ಹಿಡಿದಳು. ನಾನು ತಡೆಯಲಾರದೆ ಕೇಳಿಬಿಟ್ಟೆ: "ಇದು ನಮ್ಮ ಕಡೆ ನೂಲು ಅಂತ ಗೊತ್ತಾಗುತ್ತಾ ಅಮ್ಮ?"

"ಹುಚ್ಚು ನಿಂಗೆ. ಹುರಿ ಮಾಡಿ, ಬೇಯಿಸಿ, ಬಣ್ಣ ಹಾಕಿದ ಮೇಲೆ ಯಾರ ಕೈಯೋ ಏನೋ" ಅಂದಳು. ಆಮೇಲೆ ಹುಡುಗಿ ಕಡೆ ತಿರುಗಿ, "ಬಾರ್ಡರ್ ಚೆನ್ನಾಗಿಲ್ಲ, ಬೇರೆ ತೋರಿಸಮ್ಮ" ಅಂದಳು.