ಹದಿನೈದು ಮಂದಿಯಲ್ಲಿ ಎಂಬತ್ತಮೂರನೆಯ ಸರದಿಯವನು

ಏಪ್ರಿಲ್ ಕೊನೆಯ ವಾರ ಬಂತೆಂದರೆ ಅಟ್ಲಾಂಟಾದ ನಮ್ಮ ಕಚೇರಿಯಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು 2022ರ ಮಾತೆತ್ತದೆ ಇರುವುದಿಲ್ಲ. ಆ ವರ್ಷ ಲಾಸ್ ವೇಗಾಸ್‌ನಲ್ಲಿ ನಡೆದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ಅವರ ತಂಡದ 15 ಆಟಗಾರರು ಆಯ್ಕೆಯಾದರು. ಡ್ರಾಫ್ಟ್ ಏಳು ಸುತ್ತಿಗೆ ಇಳಿದ ಮೇಲೆ ಅಷ್ಟು ಮಂದಿಯನ್ನು ಒಂದೇ ವರ್ಷ ಯಾವ ಕಾಲೇಜೂ ಅದುವರೆಗೆ ಕಳಿಸಿರಲಿಲ್ಲ. ಆ ಹೆಮ್ಮೆಯಲ್ಲಿ ತಪ್ಪೇನೂ ಇಲ್ಲ. ಆದರೆ 15 ಎಂಬ ಅಂಕಿಯನ್ನು ಆ ಹುಡುಗರ ಆಟಕ್ಕೆ ಸಂದ ತೀರ್ಪು ಎಂಬಂತೆ ಹೇಳುವಾಗ ನನಗೆ ಒಪ್ಪಿಗೆಯಾಗುವುದಿಲ್ಲ.

ಐಪಿಎಲ್ ಹರಾಜಿನಂತೆ ಇಲ್ಲಿ ಬೆಲೆ ಕೂಗುವುದಿಲ್ಲ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ. ಆಟಗಾರನ ಸರದಿ ಹಿಂದೆ ಸರಿದಷ್ಟೂ ಅವನ ಸಂಬಳ ಇಳಿಯುತ್ತದೆ, ಯಾವ ಊರಿಗೆ ಹೋಗಬೇಕೆಂದು ಅವನನ್ನು ಯಾರೂ ಕೇಳುವುದಿಲ್ಲ. ಮೊತ್ತಮೊದಲ ಸರದಿಯಲ್ಲೇ ಜಾಕ್ಸನ್‌ವಿಲ್ ಜಾಗ್ವಾರ್ಸ್ ತಂಡ ಟ್ರಾವೊನ್ ವಾಕರ್‌ನನ್ನು ಆರಿಸಿಕೊಂಡಿತು. ಮುಂಚೂಣಿಯ ಆಟಗಾರರನ್ನು ಪಂದ್ಯದ ನಡುವೆ ಬದಲಿಸಿ ಬದಲಿಸಿ ಇಳಿಸುತ್ತಿದ್ದ ಜಾರ್ಜಿಯಾದಲ್ಲಿ ಅವನ ಹೆಸರಿನಲ್ಲಿ ದೊಡ್ಡ ಅಂಕಿಗಳಿರಲಿಲ್ಲ. ಆದರೆ ಸುಮಾರು 123 ಕಿಲೋ ತೂಗುವ ಆ ದೇಹ 40 ಗಜವನ್ನು 4.51 ಸೆಕೆಂಡಿನಲ್ಲಿ ಓಡಿತ್ತು, ತಂಡಗಳ ಕಣ್ಣು ಅಲ್ಲಿಗೆ ಹೋಯಿತು.

ನನ್ನ ಮನಸ್ಸಿನಲ್ಲಿ ನಿಂತವನು ನಕೋಬೆ ಡೀನ್. ಆ ಋತುವಿನಲ್ಲಿ ಕಾಲೇಜು ಮಟ್ಟದ ಅತ್ಯುತ್ತಮ ಲೈನ್‌ಬ್ಯಾಕರ್‌ಗೆ (ಮುಂಚೂಣಿಯ ಹಿಂದೆ ನಿಂತು ಎದುರಾಳಿಯನ್ನು ತಡೆಯುವ ರಕ್ಷಣಾ ಆಟಗಾರನಿಗೆ) ಕೊಡುವ ಬಟ್ಕಸ್ ಪ್ರಶಸ್ತಿ ಅವನಿಗೇ ಬಂದಿತ್ತು. 2022ರ ಜನವರಿ 10ರಂದು ಅಲಬಾಮಾವನ್ನು 33-18ರಿಂದ ಮಣಿಸಿ, 1980ರ ನಂತರ ಮೊದಲ ಬಾರಿಗೆ ರಾಷ್ಟ್ರೀಯ ಪಟ್ಟ ತಂದ ರಕ್ಷಣಾ ಪಡೆಯ ಜೀವಾಳ ಅವನೇ. ಜೊತೆಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದ. ಮಕ್ಕಳು ಆಟಕ್ಕೆ ಹೋದರೆ ಓದು ಕೆಡುತ್ತದೆ ಎನ್ನುವ ನಮ್ಮ ಮನೆಗಳಲ್ಲಿ ಇದನ್ನು ಒಮ್ಮೆ ಹೇಳಲೇಬೇಕು. ಆದರೂ ಅವನ ಪಕ್ಕದಲ್ಲೇ ಆಡುತ್ತಿದ್ದ, ಅವನಿಗಿಂತ ಎತ್ತರದ ಕ್ವೇ ವಾಕರ್ 22ನೆಯ ಸರದಿಗೆ ಹೋದ, ಡೀನ್ ಮೂರನೆಯ ಸುತ್ತಿನಲ್ಲಿ 83ನೆಯ ಸರದಿಯವರೆಗೆ ಕಾದ. ಆರಡಿ ಮುಟ್ಟದ ಎತ್ತರ, ಎದೆಯ ಸ್ನಾಯುವಿನ ಗಾಯದ ಸುದ್ದಿ, ಇಷ್ಟೇ ಸಾಕಾಯಿತು. ಆ ಸಂಜೆ ಟಿವಿ ಮುಂದೆ ಕುಳಿತಿದ್ದ ನನಗೆ, ಒಂದೊಂದು ಹೆಸರು ಓದಿದಾಗಲೂ ಈಗಲಾದರೂ ಅವನದು ಬಂದೀತು ಎಂದು ಕಾದು ಕಾದು ಕೊನೆಗೆ ಹೊಟ್ಟೆಯಲ್ಲಿ ಸಂಕಟವೇ ಆಯಿತು. ಅವನನ್ನು ಕರೆದುಕೊಂಡದ್ದು ಫಿಲಡೆಲ್ಫಿಯಾ ಈಗಲ್ಸ್.

2024ರ ನವೆಂಬರ್ 3ರ ಪಂದ್ಯವನ್ನು ನಾನು ಮರೆಯಲಾರೆ. ಈಗಲ್ಸ್ 28-23ರ ಮುನ್ನಡೆಯಲ್ಲಿತ್ತು, ಎರಡು ನಿಮಿಷವೂ ಉಳಿದಿರಲಿಲ್ಲ, ಎದುರಾಳಿಗಳು ಅಂಕಣದ ಅಂಚಿನವರೆಗೆ ನುಗ್ಗಿ ಬಂದಿದ್ದರು. ಅಂಕ ಗಳಿಸುವ ತುದಿಯ ಪಟ್ಟಿಯಾದ ಎಂಡ್ ಜೋನ್‌ಗೆ ಎಸೆದ ಚೆಂಡನ್ನು ಡೀನ್ ನಡುವೆ ಹಾರಿ ಕಸಿದುಕೊಂಡ, ಪಂದ್ಯ ಅಲ್ಲಿಗೇ ಮುಗಿಯಿತು. ಎದುರಾಳಿ ಬೇರೆ ಯಾರೂ ಅಲ್ಲ, ಮೊದಲ ಸರದಿಯನ್ನು ಕೈಯಲ್ಲಿಟ್ಟುಕೊಂಡಿದ್ದ ಅದೇ ಜಾಗ್ವಾರ್ಸ್. ಟ್ರಾವೊನ್ ವಾಕರ್‌ನನ್ನು ಕೀಳು ಮಾಡಲು ಈ ಮಾತು ಹೇಳುತ್ತಿಲ್ಲ, ಅವನೂ ಒಳ್ಳೆಯ ಆಟಗಾರನೇ. ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಅರಿಯುವ ಬುದ್ಧಿಯನ್ನು ಗಡಿಯಾರವೂ ತಕ್ಕಡಿಯೂ ಅಳೆಯಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಸರದಿ ಮುಂದಿದ್ದರೂ ನೆಮ್ಮದಿ ಖಚಿತವಲ್ಲ. ಅದೇ ಹದಿನೈದರಲ್ಲಿ ಲೂಯಿಸ್ ಸೀನ್ ಮೊದಲ ಸುತ್ತಿನ ಕೊನೆಯವನಾಗಿ, 32ನೆಯ ಸರದಿಯಲ್ಲಿ ಮಿನೆಸೋಟಾ ವೈಕಿಂಗ್ಸ್ ಸೇರಿದ. ಅದೇ ಅಕ್ಟೋಬರ್‌ನಲ್ಲಿ ಲಂಡನ್ ಪಂದ್ಯದಲ್ಲಿ ಅವನ ಕಾಲು ಮುರಿಯಿತು. 2024ರ ಆಗಸ್ಟ್‌ನಲ್ಲಿ ತಂಡ ಅವನನ್ನು ಕೈಬಿಟ್ಟಿತು. ಆ ವಾರ ನಮ್ಮ ಕಚೇರಿಯಲ್ಲಿ ಯಾರ ಬಾಯಲ್ಲೂ ಅವನ ಹೆಸರು ಬರಲಿಲ್ಲ, ಮುಂದಿನ ಏಪ್ರಿಲ್‌ನಲ್ಲಿ ಮಾತ್ರ ಮತ್ತೆ ಹದಿನೈದು ಎಂದೇ ಎಣಿಸಿದರು.